ಹಸಿವನ್ನು ಮರೆತ ಮಕ್ಕಳು
(ಬಾನುಲಿ ಭಾಷಣ)



ಮಗುವೊಂದು ಸರಿಯಾಗಿ ಉಣ್ಣುತ್ತಿಲ್ಲವೆಂದರೆ ನಮ್ಮ ಮನೆಗಳಲ್ಲಿ ಅದರ ಕಾರಣವನ್ನು ಹುಡುಕುವ ಕ್ರಮ ಹೆಚ್ಚು ಕಡಮೆ ಒಂದೇ ತೆರನಾಗಿರುತ್ತದೆ. ದೃಷ್ಟಿ ತಾಕಿರಬೇಕೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು ಮೊದಲನೆಯದು. ಹಲ್ಲು ಮೂಡುವ ಕಾಲವೆಂದು ನಾಲ್ಕು ದಿನ ತಾಳುವುದು ಅದರ ಮುಂದಿನದು. ಅಷ್ಟಕ್ಕೂ ಮಗು ಬಾಯಿ ತೆರೆಯದೆ ಹೋದರೆ ಅದರ ಹಟವನ್ನೋ ತಾಯಿಯ ಕೈಗುಣವನ್ನೋ ದೂರುವುದು ಕೊನೆಯದು. ಆರೋಗ್ಯವಂತ ಮಗುವಿನ ವಿಷಯದಲ್ಲಿ ಇದರಿಂದ ಹೆಚ್ಚಿನ ಹಾನಿಯೇನೂ ಆಗದು, ಏತಕ್ಕೆಂದರೆ ಅದರ ಹಸಿವು ತಾನಾಗಿಯೇ ಮರಳಿ ಬಂದು, ಇಳಿದುಹೋದ ತೂಕವನ್ನು ಕೆಲವು ವಾರಗಳಲ್ಲಿ ತುಂಬಿಕೊಡುತ್ತದೆ. ಆದರೆ ಯಕೃತ್ತಿನ, ಎಂದರೆ ಜನ ಸಾಮಾನ್ಯವಾಗಿ ಲಿವರ್ ಎಂದು ಕರೆಯುವ ಅಂಗದ, ದೀರ್ಘಕಾಲದ ರೋಗಕ್ಕೆ ತುತ್ತಾದ ಮಗುವಿನ ಸ್ಥಿತಿ ಬೇರೆ. ಅಲ್ಲಿ ಹಸಿವನ್ನು ಹುಟ್ಟಿಸುವ ದೇಹದ ಏರ್ಪಾಡಿಗೇ ರೋಗ ತಟ್ಟಿರುತ್ತದೆ. ಹಸಿವು ಬರಲೆಂದು ನಾವು ಕಾಯುತ್ತ ಕುಳಿತ ದಿನಗಳಲ್ಲಿ ಮಗುವಿನ ಮಾಂಸಖಂಡಗಳು ಕರಗುತ್ತಿರುತ್ತವೆ. ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಷಯ ಇದು.

ಮಕ್ಕಳಿಗೂ ಯಕೃತ್ತಿನ ರೋಗವೇ, ಅದು ಮದ್ಯಪಾನ ಮಾಡುವವರಿಗೆ ಬರತಕ್ಕದ್ದಲ್ಲವೇ, ಎಂದು ಕೇಳುವವರು ಇಂದಿಗೂ ಉಂಟು. ಹಾಲು ಬಿಟ್ಟು ಬೇರೊಂದನ್ನು ಬಾಯಿಗಿಡದ ಹಸುಗೂಸಿಗೂ ಈ ರೋಗ ಬರಬಹುದು. ವಂಶಪಾರಂಪರ್ಯವಾಗಿ ಬರುವ ಚಯಾಪಚಯದ ದೋಷಗಳಿಂದ, ದೇಹ ತನ್ನ ಅಂಗದ ಮೇಲೆ ತಾನೇ ಎರಗುವ ಉರಿಯೂತಗಳಿಂದ, ತಾಮ್ರ ಯಕೃತ್ತಿನಲ್ಲಿ ಶೇಖರವಾಗುವ ವಿಲ್ಸನ್ ರೋಗದಿಂದ ಮಕ್ಕಳ ಯಕೃತ್ತು ಗಟ್ಟಿಯಾಗುವುದುಂಟು. ಇವೆಲ್ಲಕ್ಕಿಂತ ಮುಖ್ಯವಾದುದು ಪಿತ್ತನಾಳಗಳ ಮುಚ್ಚುವಿಕೆ. ಹುಟ್ಟಿದ ಕೆಲವು ವಾರಗಳಲ್ಲಿಯೇ ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ನಾಳಗಳು ಉರಿಯೂತದಿಂದ ಕಲೆಗಟ್ಟಿ ಇಲ್ಲವಾಗಿಬಿಡುತ್ತವೆ. ಹೊರಗೆ ಹರಿಯಬೇಕಾದ ಪಿತ್ತ ಯಕೃತ್ತಿನೊಳಗೇ ನಿಂತು ಅದನ್ನು ಕೆಡಿಸುತ್ತದೆ. ಲೋಕದಲ್ಲೆಲ್ಲ ಮಕ್ಕಳಿಗೆ ಯಕೃತ್ತಿನ ಕಸಿ ಮಾಡಬೇಕಾಗಿ ಬರುವ ಕಾರಣಗಳಲ್ಲಿ ಮೊದಲನೆಯ ಸ್ಥಾನ ಈ ರೋಗದ್ದೇ. ಇದರ ಅತಿ ದೊಡ್ಡ ವಂಚನೆಯೆಂದರೆ, ಆರಂಭದಲ್ಲಿ ಕೂಸು ಲಕ್ಷಣವಾಗಿಯೇ ಇರುತ್ತದೆ: ಹುಟ್ಟಿದ ತೂಕ ಸರಿಯಾಗಿರುತ್ತದೆ, ಮೊಲೆಯುಣ್ಣುತ್ತದೆ, ನಗುತ್ತದೆ. ಕಣ್ಣಿನ ಬಿಳುಪು ಹಳದಿಯಾಗಿರುವುದು, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುವಷ್ಟು ಗಾಢವಾಗಿರುವುದು, ಮಲ ಮಾತ್ರ ಬಣ್ಣಗೆಟ್ಟು ಮಾಸಲು ಬಿಳುಪಾಗಿರುವುದು, ಇಷ್ಟೇ ಅದರ ಕುರುಹುಗಳು. ಹುಟ್ಟಿದ ಮಕ್ಕಳಿಗೆಲ್ಲ ಕಾಮಾಲೆ ಸಹಜ, ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂಬ ನಂಬಿಕೆಯಲ್ಲಿ ಬಾಣಂತಿಯ ಮನೆಯವರು ಎರಡು ತಿಂಗಳನ್ನು ಸುಲಭವಾಗಿ ಕಳೆದುಬಿಡುತ್ತಾರೆ.

ಆ ಎರಡು ತಿಂಗಳೇ ಅತ್ಯಮೂಲ್ಯವಾದುವು. ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಮೊರಿಯೊ ಕಸಾಯ್ 1959ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆ, ಎಂದರೆ ಕರುಳಿನ ಒಂದು ತುಂಡನ್ನೇ ಯಕೃತ್ತಿನ ಮುಖದ್ವಾರಕ್ಕೆ ಹೊಲಿದು ಪಿತ್ತಕ್ಕೆ ಹೊಸ ದಾರಿ ಮಾಡಿಕೊಡುವ ಕ್ರಮ, ಮಗುವಿಗೆ 60 ದಿನ ತುಂಬುವುದರೊಳಗೆ ನಡೆದರೆ ಸಫಲವಾಗುವ ಸಂಭವ ಹೆಚ್ಚು. ದಿನ ಕಳೆದಂತೆ ಆ ಸಂಭವ ಕುಗ್ಗುತ್ತದೆ. ತೈವಾನ್ ದೇಶದಲ್ಲಿ ಮಲದ ಬಣ್ಣಗಳನ್ನು ಚಿತ್ರಿಸಿದ ಒಂದು ಕಾರ್ಡನ್ನು ಹೊಸ ತಾಯಂದಿರಿಗೆಲ್ಲ ಕೊಡುವ ಪದ್ಧತಿ 2004ರಲ್ಲಿ ದೇಶವ್ಯಾಪಿಯಾಯಿತು. ಮಗುವಿನ ಮಲವನ್ನು ಆ ಚಿತ್ರಗಳೊಡನೆ ಹೋಲಿಸಿ ನೋಡುವುದಷ್ಟೇ ತಾಯಿಯ ಕೆಲಸ. ಅಷ್ಟರಿಂದಲೇ 60 ದಿನಗಳೊಳಗೆ ಶಸ್ತ್ರಕ್ರಿಯೆಗೆ ಬರುವ ಮಕ್ಕಳ ಪ್ರಮಾಣ ಆ ದೇಶದಲ್ಲಿ ಏರಿತು. ಒಂದು ಕಾಗದದ ತುಂಡಿನಿಂದ ಇಷ್ಟು ಉಪಕಾರವಾದ ಉದಾಹರಣೆ ವೈದ್ಯದಲ್ಲಿ ವಿರಳ.

ನಮ್ಮ ನಾಡಿಗೂ ಮಕ್ಕಳ ಯಕೃತ್ತಿನ ರೋಗಕ್ಕೂ ಇರುವ ಸಂಬಂಧ ಹಳೆಯದು. ಈಗ ಅಜ್ಜಿಯರಾಗಿರುವವರ ತಾಯಂದಿರ ಕಾಲದಲ್ಲಿ, ಎರಡು ಮೂರು ವರ್ಷದೊಳಗಿನ ಮಕ್ಕಳು ಹೊಟ್ಟೆಯುಬ್ಬಿ, ಸಿಡುಕುತ್ತ, ಊಟ ಬಿಟ್ಟು ತೀರಿಕೊಳ್ಳುತ್ತಿದ್ದ ಒಂದು ವ್ಯಾಧಿಯಿತ್ತು. ಒಂದೇ ತಾಯಿಯ ಒಂದಾದ ಮೇಲೊಂದು ಕೂಸನ್ನು ಅದು ಕೊಂಡೊಯ್ದ ಮನೆಗಳೂ ಇದ್ದುವು. ಪುಸ್ತಕಗಳಲ್ಲಿ ಅದಕ್ಕೆ ಭಾರತೀಯ ಶೈಶವ ಸಿರೋಸಿಸ್ ಎಂದೇ ಹೆಸರು. 1980ರ ದಶಕದಲ್ಲಿ ಪುಣೆಯ ಮಕ್ಕಳ ವೈದ್ಯರೂ ಇಂಗ್ಲೆಂಡಿನ ಅವರ ಸಹಸಂಶೋಧಕರೂ ಕೂಡಿ ನಡೆಸಿದ ಶೋಧನೆ ಅದರ ಮೂಲವನ್ನು ಅಡುಗೆಮನೆಯಲ್ಲಿಯೇ ಕಂಡಿತು: ಕಲಾಯಿಯಿಲ್ಲದ ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಕಾಯಿಸಿ ಇಟ್ಟ ಹಸುವಿನ ಹಾಲು ಪಾತ್ರೆಯ ತಾಮ್ರವನ್ನು ಹೀರಿಕೊಂಡು, ಆ ತಾಮ್ರ ಎಳೆಯ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತಿತ್ತು. ಪಾತ್ರೆ ಸ್ಟೀಲಿನದಾಯಿತು, ವಿಷಯ ಜನರಿಗೆ ತಿಳಿಯಿತು, ರೋಗ ಬಹುಮಟ್ಟಿಗೆ ಮರೆಯಾಯಿತು. ಮನೆಯ ಒಳಗಿನ ಒಂದು ಬದಲಾವಣೆ ಸಾವಿರಾರು ಕೂಸುಗಳನ್ನು ಉಳಿಸಬಲ್ಲುದೆಂಬುದಕ್ಕೆ ಈ ನಾಡಿನಲ್ಲಿಯೇ ಸಾಕ್ಷ್ಯವಿರುವುದರಿಂದ ನಾನು ಮುಂದೆ ಹೇಳುವ ಮಾತುಗಳನ್ನು ತಾವು ಭರವಸೆಯಿಂದ ಕೇಳಬೇಕೆಂದು ಕೋರುತ್ತೇನೆ.

ಮಕ್ಕಳ ವಾರ್ಡಿನಲ್ಲಿ ನಾನು ಕಂಡ ಒಂದು ನೋಟವನ್ನು ಹೇಳುತ್ತೇನೆ. ವರ್ಷ ದಾಟಿದ ಹೆಣ್ಣುಕೂಸು; ಹೊಟ್ಟೆ ದೊಡ್ಡದು, ಅದರ ಮೇಲೆ ನೀಲಿ ನರಗಳು; ಕೈಕಾಲು ಕಡ್ಡಿ; ತುರಿಕೆ ತಾಳಲಾರದೆ ಕೆರೆದುಕೊಂಡ ಗೀರುಗಳು ಕೆನ್ನೆಯ ಮೇಲೆ. ತಾಯಿ ಬಟ್ಟಲಲ್ಲಿ ನೀರಾದ ಗಂಜಿ ಹಿಡಿದು, ಮಗುವನ್ನು ತೊಡೆಯ ಮೇಲೆ ಓರೆಯಾಗಿ ಮಲಗಿಸಿಕೊಂಡು, ಒಳಲೆಯಲ್ಲಿ ಅಷ್ಟಷ್ಟೇ ಹೊಯ್ಯುತ್ತಿದ್ದಳು. ಎರಡು ಒಳಲೆ ಒಳಗೆ ಹೋಯಿತು. ಮೂರನೆಯದಕ್ಕೆ ಮಗು ತುಟಿ ಬಿಗಿದು ಮುಖ ತಿರುಗಿಸಿತು. "ಇಷ್ಟೇ ನೋಡಿ ಡಾಕ್ಟ್ರೇ, ಬೆಳಗ್ಗೆಯಿಂದ ಇಷ್ಟೇ," ಎಂದಳು ತಾಯಿ. ಪಕ್ಕದಲ್ಲಿದ್ದ ಅಜ್ಜಿ, "ಪಥ್ಯ ಏನೂ ತಪ್ಪಿಸಿಲ್ಲ ಸ್ವಾಮಿ, ಎಣ್ಣೆ ತುಪ್ಪದ ವಾಸನೇನೂ ತೋರಿಸಿಲ್ಲ, ಬೇಳೆಕಟ್ಟೂ ಕೊಟ್ಟಿಲ್ಲ, ಆದ್ರೂ ಕೂಸು ಇಳಿದುಹೋಗ್ತಿದೆ," ಎಂದು ಕಣ್ಣೊರೆಸಿಕೊಂಡರು. ಅವರ ವಾತ್ಸಲ್ಯದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಆ ಮನೆಯವರು ಮಾಡಿದ್ದೆಲ್ಲವೂ ಮಗುವಿನ ಹಿತಕ್ಕೆಂದೇ. ಆದರೆ ಆ ಬಟ್ಟಲಲ್ಲಿ ನೀರಲ್ಲದೆ ಹೆಚ್ಚೇನೂ ಇರಲಿಲ್ಲ. ಮತ್ತು ಆ ಮಗು ತುಟಿ ಬಿಗಿದದ್ದು ಹಟದಿಂದಲ್ಲ.

ಹಸಿವೆಂದರೆ ಬರಿದಾದ ಹೊಟ್ಟೆಯ ಸಂಕಟವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಜಠರ, ಕರುಳು, ಮೇದಸ್ಸುಗಳಿಂದ ಹೊರಟು ರಕ್ತದ ಮೂಲಕ ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಭಾಗವನ್ನು ಮುಟ್ಟುವ ರಾಸಾಯನಿಕ ಸಂದೇಶಗಳ ಒಟ್ಟು ಫಲವೇ ಹಸಿವು ಎಂಬುದು ಕಳೆದ ಮೂರು ದಶಕಗಳಲ್ಲಿ ಸ್ಪಷ್ಟವಾಗಿರುವ ಸಂಗತಿ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಕಂಡುಹಿಡಿದರು. ದೇಹದ ಮೇದಸ್ಸು ಇದನ್ನು ಸ್ರವಿಸುತ್ತದೆ. ಮೇದಸ್ಸು ಹೆಚ್ಚಿದ್ದರೆ ಇದೂ ಹೆಚ್ಚು, ಕರಗಿದರೆ ಇದೂ ಕಡಮೆ. ಇದು ಮೆದುಳನ್ನು ಮುಟ್ಟಿದಾಗ ಹಸಿವು ಶಮನವಾಗುತ್ತದೆ. 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಎಂಬ ವಿಜ್ಞಾನಿಗಳು ಇಲಿಯ ಜಠರದಿಂದ ಇದಕ್ಕೆ ವಿರುದ್ಧ ಗುಣದ ಇನ್ನೊಂದನ್ನು ಪ್ರತ್ಯೇಕಿಸಿದರು, ಅದೇ ಗ್ರೆಲಿನ್. 28 ಅಮಿನೋ ಆಮ್ಲಗಳ ಈ ಕಿರುಸರಣಿ ಊಟಕ್ಕೆ ಮುಂಚೆ ರಕ್ತದಲ್ಲಿ ಏರಿ, ಊಟವಾದ ಮೇಲೆ ಇಳಿಯುತ್ತದೆ. ಇದಲ್ಲದೆ, ಕೊಬ್ಬು ಬಂದಿತೆಂದು ಸಣ್ಣ ಕರುಳಿನ ಮೊದಲ ಭಾಗ ಸ್ರವಿಸುವ ಕೋಲಿಸಿಸ್ಟೊಕೈನಿನ್, ಆಹಾರ ಕರುಳಿನ ಕೆಳಭಾಗದವರೆಗೂ ಇಳಿಯಿತೆಂದು ಅಲ್ಲಿಂದ ಹೊರಡುವ ಪೆಪ್ಟೈಡ್ ವೈವೈ, ಇವು "ಇನ್ನು ಸಾಕು" ಎಂಬುದನ್ನು ತಿಳಿಸುವ ಹಾರ್ಮೋನುಗಳು. ಹೈಪೊಥಲಾಮಸಿನಲ್ಲಿ ಹಸಿವನ್ನು ಎಬ್ಬಿಸುವ ನರಕೋಶಗಳ ಒಂದು ಗುಂಪೂ ತಣಿಸುವ ಮತ್ತೊಂದು ಗುಂಪೂ ಅಕ್ಕಪಕ್ಕದಲ್ಲಿದ್ದು, ಬಂದ ಸಂದೇಶಗಳನ್ನೆಲ್ಲ ತೂಗಿ ನೋಡುತ್ತವೆ.

ಯಕೃತ್ತು ಕೆಟ್ಟಾಗ ಈ ತೂಗಿ ನೋಡುವಿಕೆಯೇ ತಪ್ಪುತ್ತದೆ. ರೋಗಗ್ರಸ್ತ ಯಕೃತ್ತಿನ ಉರಿಯೂತದಿಂದ ರಕ್ತಕ್ಕೆ ಸೇರುವ ಟಿಎನ್ಎಫ್, ಇಂಟರ್‌ಲ್ಯೂಕಿನ್-6 ಮೊದಲಾದ ದ್ರವ್ಯಗಳು ಮೆದುಳಿನ ಹಸಿವಿನ ಕೇಂದ್ರವನ್ನು ನೇರವಾಗಿಯೇ ಮಂಕುಗೊಳಿಸುತ್ತವೆ; ಜ್ವರ ಬಂದ ದಿನ ನಮಗೆ ಅನ್ನ ಬೇಡವಾಗುವುದೂ ಇವುಗಳಿಂದಲೇ, ಈ ಮಕ್ಕಳಿಗಾದರೋ ಅನ್ನ ಬೇಡವಾಗುವ ಆ ಸ್ಥಿತಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಜೀರ್ಣವಾಗದ ಕೊಬ್ಬು ಕರುಳಿನ ಕೆಳಭಾಗಕ್ಕೆ ತಲಪಿದಾಗ ಅಲ್ಲಿಂದ ಹೊರಡುವ ತೃಪ್ತಿಯ ಸಂದೇಶ ಜಠರದ ಚಲನೆಯನ್ನು ನಿಧಾನಗೊಳಿಸಿ, ತಿಂದದ್ದು ಅಲ್ಪವಾದರೂ ಹೊಟ್ಟೆ ತುಂಬಿದ ಭಾವವನ್ನು ಕೊಡುತ್ತದೆ. ಗ್ರೆಲಿನ್ನಿನ ವಿಷಯದಲ್ಲಿ ಬೇರೆಬೇರೆ ಕಡೆ ನಡೆದ ಅಳತೆಗಳು ಒಂದೇ ಉತ್ತರವನ್ನು ಕೊಟ್ಟಿಲ್ಲ: ಯಕೃತ್ತಿನ ರೋಗಿಗಳಲ್ಲಿ ಕೆಲವರು ಅದನ್ನು ಹೆಚ್ಚಾಗಿ ಕಂಡಿದ್ದಾರೆ, ಕೆಲವರು ಕಡಮೆಯಾಗಿ. ಹೆಚ್ಚಿದ್ದಲ್ಲಿಯೂ ಹಸಿವು ಹುಟ್ಟದಿರುವುದೇ ಇದರಲ್ಲಿ ಯೋಚಿಸಬೇಕಾದ ಅಂಶ. ಕೃಶವಾದ ದೇಹ ಆಹಾರ ಬೇಕೆಂದು ಬೇಡಿದರೂ ಆ ಬೇಡಿಕೆ ಮೆದುಳಿಗೆ ಕೇಳಿಸದ ಸ್ಥಿತಿ ಅದು. ಇದೇ ಗ್ರೆಲಿನ್ ಬೆಳವಣಿಗೆಯ ಹಾರ್ಮೋನನ್ನೂ ಪ್ರಚೋದಿಸತಕ್ಕದ್ದು. ಆದರೆ ಆ ಹಾರ್ಮೋನಿನ ಆಜ್ಞೆಯಂತೆ ಮೂಳೆ ಮಾಂಸಗಳನ್ನು ಬೆಳೆಸುವ ಐಜಿಎಫ್-1 ಎಂಬ ದ್ರವ್ಯ ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿಯೇ ಆದುದರಿಂದ, ಬೆಳವಣಿಗೆಯ ಹಾರ್ಮೋನು ರಕ್ತದಲ್ಲಿ ಹೇರಳವಾಗಿದ್ದೂ ಮಗು ಕುಳ್ಳಾಗಿಯೇ ಉಳಿಯುತ್ತದೆ.

ಇವುಗಳೊಡನೆ ಕಣ್ಣಿಗೆ ಕಾಣುವ ಕಾರಣಗಳೂ ಸೇರುತ್ತವೆ. ಊದಿದ ಯಕೃತ್ತು, ದೊಡ್ಡದಾದ ಗುಲ್ಮ, ಜಲೋದರದ ನೀರು, ಇವು ಮೂರೂ ಜಠರವನ್ನು ಒತ್ತಿ ಹಿಡಿದಿರುವಾಗ ಅದಕ್ಕೆ ಹಿಗ್ಗಲು ಎಡೆಯೆಲ್ಲಿ? ಸತುವಿನ ಕೊರತೆಯಿಂದ ನಾಲಗೆಯ ರುಚಿ ಕೆಡುತ್ತದೆ. ನೀರು ತುಂಬದಿರಲೆಂದು ಉಪ್ಪು ಕಡಮೆ ಮಾಡಿದ ಅಡುಗೆ ಸಪ್ಪೆಯಾಗುತ್ತದೆ. ರಾತ್ರಿಯೆಲ್ಲ ತುರಿಕೆಯಿಂದ ನಿದ್ರೆಗೆಟ್ಟ ಕೂಸು ಬೆಳಗ್ಗೆ ತಿನ್ನುವುದೆಂತು? ಆ ಹೆಣ್ಣುಮಗು ಮೂರನೆಯ ಒಳಲೆಗೆ ಮುಖ ತಿರುಗಿಸಿದ್ದರಲ್ಲಿ ಇಷ್ಟೆಲ್ಲ ಅಡಗಿತ್ತು. ಹಸಿವನ್ನು ಹುಟ್ಟಿಸುವ ಹಾರ್ಮೋನನ್ನು ಚುಚ್ಚಿ ಈ ಮಕ್ಕಳನ್ನು ಗುಣಪಡಿಸುವ ಚಿಕಿತ್ಸೆ ವಾರ್ಡಿಗೆ ಇನ್ನೂ ಬಂದಿಲ್ಲ. ಆದಕಾರಣ ಹಸಿವಿನ ಹಂಗಿಲ್ಲದೆಯೇ ಮಗುವಿಗೆ ಪೋಷಣೆ ಸಲ್ಲಬೇಕು. ಔಷಧವನ್ನು ಹೇಗೆ ಗಂಟೆಗೆ, ಅಳತೆಗೆ ಕೊಡುತ್ತೇವೆಯೋ ಹಾಗೆಯೇ ಅನ್ನವನ್ನೂ ಕೊಡಬೇಕು.

ಎಷ್ಟು ಕೊಡಬೇಕು? ಆರೋಗ್ಯವಂತ ಮಗುವೊಂದಕ್ಕೆ ಬೇಕಾದ ಶಕ್ತಿಯನ್ನು ನೂರೆಂದು ಇಟ್ಟುಕೊಂಡರೆ ಈ ಮಗುವಿಗೆ 120ರಿಂದ 150ರವರೆಗೆ ಬೇಕು. ಬೇಕೆನ್ನಿಸುವುದು ಕಡಮೆ, ಬೇಕಾದದ್ದು ಹೆಚ್ಚು. ರೋಗದ ಕ್ರೌರ್ಯವೆಲ್ಲ ಈ ಅಂತರದಲ್ಲಿದೆ. ಇದಕ್ಕೆ ಕಾರಣ ಸ್ಪಷ್ಟ. ಉರಿಯೂತದ ದೇಹ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ತಿಂದದ್ದರಲ್ಲಿ ಬಹಳಷ್ಟು ಮಲದೊಡನೆ ಹೊರಟುಹೋಗುತ್ತದೆ. ಹಾಗೆ ಹೋಗುವುದರಲ್ಲಿ ಮುಖ್ಯವಾದುದು ಕೊಬ್ಬು. ಎಣ್ಣೆಸ್ನಾನದಲ್ಲಿ ಬರಿಯ ನೀರು ಬಿಡಿಸಲಾರದ ಎಣ್ಣೆಯನ್ನು ಸೀಗೆಪುಡಿ ಬಿಡಿಸುವಂತೆ, ಕರುಳಿನಲ್ಲಿ ಕೊಬ್ಬನ್ನು ನೀರಿನೊಡನೆ ಬೆರೆಯುವಂತೆ ಮಾಡತಕ್ಕದ್ದು ಪಿತ್ತರಸ. ಅದು ಇಳಿಯದ ಕರುಳಿನಲ್ಲಿ ತುಪ್ಪವೂ ಹಾಲಿನ ಕೆನೆಯೂ ಹೀರಲ್ಪಡದೆ ಜಾರಿಹೋಗುತ್ತವೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ಅದರ ಬೆನ್ನು ಹಿಡಿದು ಹೋಗಿಬಿಡುತ್ತವೆ. ಎ ಇಲ್ಲದೆ ಕಣ್ಣು ಮಂಜು. ಡಿ ಇಲ್ಲದೆ ಮೂಳೆ ಮೆದು, ಮಣಿಕಟ್ಟು ದಪ್ಪ. ಇ ಇಲ್ಲದೆ ನರಗಳು ಸೋತು ನಡಿಗೆ ತಡವರಿಸುತ್ತದೆ. ಕೆ ಇಲ್ಲದೆ ರಕ್ತ ಹೆಪ್ಪುಗಟ್ಟದು. ಮಲದ ಬಣ್ಣವನ್ನು ಯಾರೂ ಗಮನಿಸದೆ ಇದ್ದ ಕೂಸು ಮೆದುಳಿನಲ್ಲಿ ರಕ್ತಸ್ರಾವವಾಗಿ ಮೊಟ್ಟಮೊದಲು ಆಸ್ಪತ್ರೆಗೆ ಬಂದ ಪ್ರಸಂಗಗಳುಂಟು. ಒಂದು ಕೆ ಜೀವಸತ್ವದ ಚುಚ್ಚುಮದ್ದು ಅದನ್ನು ತಪ್ಪಿಸಬಹುದಾಗಿತ್ತು.

ಹಾಗಾದರೆ ಅಜ್ಜಿಯವರು ಎಣ್ಣೆ ತುಪ್ಪ ನಿಲ್ಲಿಸಿದ್ದು ಸರಿಯೇ ಅಲ್ಲವೇ, ಎಂದು ತಾವು ಕೇಳಬಹುದು. ಸರಿಯಲ್ಲ. ಶಕ್ತಿಯ ಅತಿ ಸಾಂದ್ರವಾದ ಆಕರ ಕೊಬ್ಬು. ಅದನ್ನು ಬಿಟ್ಟರೆ ಕೂಸಿನ ಸಣ್ಣ ಹೊಟ್ಟೆಯಲ್ಲಿ ಅಷ್ಟು ಶಕ್ತಿಯನ್ನು ತುಂಬುವುದೇ ಅಸಾಧ್ಯ. ಮಾಡಬೇಕಾದುದು ಕೊಬ್ಬಿನ ಬಗೆಯ ಬದಲಾವಣೆ. ಎಂಟು ಹತ್ತು ಇಂಗಾಲದ ಪರಮಾಣುಗಳ ಮಧ್ಯಮ ಸರಪಳಿಯ ಕೊಬ್ಬು, ವೈದ್ಯರು ಎಂಸಿಟಿ ಎಂದು ಕರೆಯುವುದು, ಪಿತ್ತರಸದ ನೆರವನ್ನು ಹೆಚ್ಚಾಗಿ ಬೇಡದೆ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಔಷಧದಂಗಡಿಯಲ್ಲಿ ಸಿಕ್ಕುವ ಎಂಸಿಟಿ ಎಣ್ಣೆಯೂ ಪುಡಿಯೂ ಬೆಲೆಯುಳ್ಳವು. ನಮ್ಮ ಕರಾವಳಿಯ ಕೊಬ್ಬರಿ ಎಣ್ಣೆಯಲ್ಲಿ ಈ ಬಗೆಯ ಕೊಬ್ಬು ಸುಮಾರು ಏಳೆಂಟರಲ್ಲಿ ಒಂದು ಪಾಲು. ಅರ್ಧದಷ್ಟಿರುವ ಲಾರಿಕ್ ಆಮ್ಲವೂ ಇತರ ಎಣ್ಣೆಗಳ ಉದ್ದ ಸರಪಳಿಗಳಿಗಿಂತ ಸುಲಭವಾಗಿ ಹೀರಲ್ಪಡುತ್ತದೆ. ಔಷಧದ ಎಣ್ಣೆಗೆ ಇದು ಸಮನಲ್ಲವಾದರೂ ಬಡವರ ಮನೆಗೆ ಇದೊಂದು ಆಸರೆ. ಒಂದು ಟೀ ಚಮಚೆ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ. ಊಟ ಊಟಕ್ಕೆ ಒಂದು ಚಮಚೆ ಸೇರಿತೆಂದರೆ ದಿನದ ಲೆಕ್ಕದಲ್ಲಿ ಅದು ಅಲ್ಪವಲ್ಲ. ಇದರ ಜೊತೆಗೆ ದೇಹ ತಾನಾಗಿ ತಯಾರಿಸಲಾರದ ಲಿನೋಲೆಯಿಕ್ ಆಮ್ಲವೂ ಬೇಕಾಗಿರುವುದರಿಂದ, ಆ ಆಮ್ಲ ಸಮೃದ್ಧವಾಗಿರುವ ವಿಜಯಪುರದ ಕಡೆಯ ಕುಸುಬೆ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಸ್ವಲ್ಪ ಸೇರಲೇಬೇಕು. ಪಶ್ಚಿಮದ ಕಡಲತೀರದ ಎಣ್ಣೆಯೂ ಬಯಲುಸೀಮೆಯ ಎಣ್ಣೆಯೂ ಒಂದೇ ಬಟ್ಟಲಲ್ಲಿ ಕೂಡುವ ಈ ಪಾಕ ನನಗೆ ಬಹು ಪ್ರಿಯವಾದುದು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಗ್ರೆಲಿನ್ ಕೆಲಸ ಮಾಡಬೇಕಾದರೆ ಅದರ ಮೂರನೆಯ ಅಮಿನೋ ಆಮ್ಲಕ್ಕೆ ಎಂಟು ಇಂಗಾಲದ ಒಂದು ಕೊಬ್ಬಿನ ಆಮ್ಲ ಅಂಟಿಕೊಂಡಿರಬೇಕು. ಅದಿಲ್ಲದ ಗ್ರೆಲಿನ್ ಹಸಿವಿನ ಕೇಂದ್ರದ ಬಾಗಿಲನ್ನು ತೆರೆಯಲಾರದು. ಆ ಎಂಟು ಇಂಗಾಲದ ಆಮ್ಲ ಕೊಬ್ಬರಿ ಎಣ್ಣೆಯಲ್ಲಿಯೂ ಎಂಸಿಟಿ ಎಣ್ಣೆಯಲ್ಲಿಯೂ ಇರುವ ಅದೇ ಆಮ್ಲ; ತಿನ್ನಿಸಿದ ಆಮ್ಲವನ್ನೇ ಜಠರ ನೇರವಾಗಿ ಗ್ರೆಲಿನ್ನಿಗೆ ಜೋಡಿಸುವುದನ್ನು ಜಪಾನಿನ ಸಂಶೋಧಕರು ಇಲಿಗಳಲ್ಲಿ 2005ರಲ್ಲಿ ತೋರಿಸಿದ್ದಾರೆ. ಇದರಿಂದ ಮಗುವಿಗೆ ಹಸಿವು ಹುಟ್ಟೀತೆಂದು ನಾನು ಭರವಸೆ ಕೊಡುತ್ತಿಲ್ಲ. ಅನ್ನವೂ ಅನ್ನದ ಬಯಕೆಯೂ ದೇಹದೊಳಗೆ ಇಷ್ಟು ಹತ್ತಿರದ ನಂಟರೆಂಬುದು ನನ್ನಲ್ಲಿ ಆಶ್ಚರ್ಯವನ್ನು ಹುಟ್ಟಿಸಿದೆ.

ಪಥ್ಯದ ಇನ್ನೊಂದು ಮುಖ ಬೇಳೆ, ಹಾಲು, ಮೊಟ್ಟೆಗಳ ನಿಷೇಧ. ಯಕೃತ್ತು ಕೆಟ್ಟವರಿಗೆ ಪ್ರೋಟೀನು ವಿಷವೆಂಬ ಹಳೆಯ ಭಯ ವೈದ್ಯರಲ್ಲಿಯೂ ಒಂದು ಕಾಲಕ್ಕೆ ಇದ್ದುದೇ. ಈಗಿನ ನಿಲವು ಬೇರೆ: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 3 ಗ್ರಾಂ ಪ್ರೋಟೀನು ಈ ಮಕ್ಕಳಿಗೆ ಸಲ್ಲಬೇಕು, ಮೆದುಳು ಮಂಕಾಗುವ ಗಂಭೀರ ಸ್ಥಿತಿಯಲ್ಲಿ ಮಾತ್ರ, ಅದೂ ಆಸ್ಪತ್ರೆಯಲ್ಲಿ, ಕೆಲವು ಕಾಲ ಕಡಮೆ ಮಾಡುವುದುಂಟು. ಉಪವಾಸವಂತೂ ಸಲ್ಲದು. ಆರೋಗ್ಯವಂತ ಯಕೃತ್ತು ರಾತ್ರಿಯ ಬಳಕೆಗೆಂದು ಸಕ್ಕರೆಯನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ; ಕಲೆಗಟ್ಟಿದ ಯಕೃತ್ತಿನಲ್ಲಿ ಆ ಕೂಡಿಕೆ ಅತ್ಯಲ್ಪವಾದುದರಿಂದ, ಕೆಲವು ಗಂಟೆಗಳು ಬರಿಹೊಟ್ಟೆಯಲ್ಲಿದ್ದರೂ ದೇಹ ತನ್ನ ಮಾಂಸವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳತೊಡಗುತ್ತದೆ. ಮಲಗಿದ ಕೂಸನ್ನು ಎಬ್ಬಿಸಬಾರದೆಂಬ ನಮ್ಮ ಮಮತೆಯ ನಿಯಮ ಇಲ್ಲಿ ಅಹಿತ. ಮಲಗುವ ಮುಂಚೆ ಒಂದು ತಿನಿಸು, ನಡುರಾತ್ರಿ ಒಂದು ಬಾರಿ ಹಾಲು, ಬೆಳಗಾದ ಕೂಡಲೇ ಮತ್ತೊಂದು, ಹೀಗೆ ಕ್ರಮ ಮಾಡಿಕೊಳ್ಳಬೇಕು.

ಊಟ ಅಲ್ಪವಾಗಿದ್ದು ಬಾರಿ ಹೆಚ್ಚಾಗಿರಬೇಕೆಂಬುದು ಸರಿ; ಆ ಅಲ್ಪದಲ್ಲಿ ಸತ್ತ್ವ ಎಷ್ಟಿದೆ ಎಂಬುದು ಮುಖ್ಯ. ತಿಳಿಗಂಜಿ ಹೊಟ್ಟೆಯನ್ನು ತುಂಬುತ್ತದೆ, ಮಗುವನ್ನು ತುಂಬುವುದಿಲ್ಲ. ಗಟ್ಟಿ ಸರಿ ಮಾಡಿದರೆ ನುಂಗಲಾರದು, ತೆಳು ಮಾಡಿದರೆ ಸತ್ತ್ವವಿರದು, ಎಂಬ ತೊಡಕಿಗೆ ನಮ್ಮ ಹೆಂಗಸರು ಎಂದೋ ಕಂಡುಕೊಂಡ ಪರಿಹಾರ ಮೊಳಕೆ ಕಟ್ಟಿದ ರಾಗಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳುವಾಗಿಯೇ ನಿಲ್ಲುತ್ತದೆ. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ ಇದನ್ನು ಸಮರ್ಥಿಸಿದ್ದಾರೆ. ಮೊಳಕೆ ರಾಗಿ, ಅದರ ಕಾಲುಭಾಗ ಹುರಿದ ಹೆಸರುಬೇಳೆ, ಇವುಗಳ ಹಿಟ್ಟನ್ನು ಹಾಲಿನಲ್ಲಿ ಬೇಯಿಸಿ, ಇಳಿಸಿದ ಮೇಲೆ ಒಂದು ಚಮಚೆ ಕೊಬ್ಬರಿ ಎಣ್ಣೆ ಕಲಸಿ ಕೊಟ್ಟರೆ, ಅಜ್ಜಿಯ ಬಟ್ಟಲಿನ ಗಂಜಿಗಿಂತ ಎಷ್ಟೋ ಪಾಲು ಶಕ್ತಿ ಅಷ್ಟೇ ಗುಟುಕುಗಳಲ್ಲಿ ಒಳಗೆ ಹೋಗುತ್ತದೆ. ಎದೆಹಾಲುಣ್ಣುವ ಕೂಸಿಗೆ ಎದೆಹಾಲು ಮುಂದುವರಿಯಲಿ. ಅದರ ಮೇಲೆ ಉಳಿದದ್ದು.

ಇಷ್ಟು ಮಾಡಿಯೂ ಬಾಯಿಯ ಮೂಲಕ ಸಾಕಷ್ಟು ಹೋಗದಿದ್ದರೆ ಮೂಗಿನಿಂದ ಜಠರಕ್ಕೆ ತೆಳುವಾದ ನಳಿಗೆ ಹಾಕಿ ಉಣಿಸಬೇಕು. ಈ ಮಾತು ಬಂದೊಡನೆ ಮನೆಯವರ ಮುಖ ಕಳೆಗುಂದುವುದನ್ನು ನಾನು ಬಲ್ಲೆ. "ನಳಿಗೆ ಹಾಕೋ ಮಟ್ಟಕ್ಕೆ ಬಂತೇ?" ಎಂದು ತಾಯಂದಿರು ಅಳುತ್ತಾರೆ, ಅದು ಕೊನೆಗಾಲದ ಉಪಾಯವೆಂದು ತಿಳಿದು. ಅದು ಕೊನೆಯ ಉಪಾಯವಲ್ಲ. ತಡಮಾಡಿ ಹಾಕಿದ ನಳಿಗೆಗಿಂತ ಮುಂಚೆ ಹಾಕಿದ ನಳಿಗೆಯೇ ಹೆಚ್ಚು ಉಪಕಾರಿ. ಹಗಲಲ್ಲಿ ಮಗು ಬಾಯಿಂದ ತಿಂದಷ್ಟು ತಿನ್ನಲಿ, ರಾತ್ರಿ ಮಲಗಿರುವಾಗ ಹನಿಹನಿಯಾಗಿ ಉಳಿದದ್ದು ನಳಿಗೆಯಿಂದ ಇಳಿಯಲಿ. ಉಪವಾಸವೂ ತಪ್ಪಿತು, ಊಟದ ಹೊತ್ತಿನ ಜಗಳವೂ ತಪ್ಪಿತು. ಅನ್ನನಾಳದಲ್ಲಿ ಉಬ್ಬಿದ ಸಿರೆಗಳಿದ್ದರೂ ಅದೊಂದೇ ಕಾರಣದಿಂದ ನಳಿಗೆಯನ್ನು ನಿರಾಕರಿಸಬೇಕಾಗಿಲ್ಲವೆಂಬುದು ತಜ್ಞರ ಅಭಿಮತ. ನಳಿಗೆಯಿದ್ದಾಗಲೂ ಬಾಯಿಗೆ ಸ್ವಲ್ಪ ಸ್ವಲ್ಪ ಕೊಡುತ್ತಲೇ ಇರಬೇಕು. ಅಗಿಯುವ, ನುಂಗುವ ವಿದ್ಯೆಯನ್ನು ಕಲಿಯುವ ವಯಸ್ಸಿನಲ್ಲಿ ಕಲಿಯದ ಮಗು ಮುಂದೆ ಅನ್ನವನ್ನು ಕಂಡರೆ ಹೆದರುತ್ತದೆ.

ಮಗು ಸೊರಗಿದೆಯೇ ಇಲ್ಲವೇ ಎಂದು ತಿಳಿಯಲು ತಕ್ಕಡಿಯನ್ನು ನಂಬಬಾರದೆಂಬುದನ್ನು ಅಂಗನವಾಡಿಯ ಅಕ್ಕಂದಿರಿಗೆ ವಿಶೇಷವಾಗಿ ಹೇಳಬಯಸುತ್ತೇನೆ. ಹೊಟ್ಟೆಯಲ್ಲಿ ಒಂದು ಲೀಟರು ನೀರು ತುಂಬಿದರೆ ತೂಕ ಒಂದು ಕಿಲೋ ಏರುತ್ತದೆ. ಊದಿದ ಯಕೃತ್ತೂ ಗುಲ್ಮವೂ ತಮ್ಮ ಪಾಲನ್ನು ಸೇರಿಸುತ್ತವೆ. ಬೆಳವಣಿಗೆಯ ಕಾರ್ಡಿನ ಗೆರೆ ಮೇಲಕ್ಕೆ ಹೋಗುತ್ತಿರುವಾಗ ಕೂಸು ಒಳಗೆ ಕರಗುತ್ತಿರುತ್ತದೆ. ತಮ್ಮ ಬಳಿ ತೋಳಿನ ಸುತ್ತಳತೆಯ ಪಟ್ಟಿಯಿದೆ. ಹೆಗಲಿನ ಮೂಳೆಗೂ ಮೊಣಕೈಗೂ ನಟ್ಟನಡುವೆ, ಕೈ ಇಳಿಬಿಟ್ಟಿರುವಾಗ, ಬಿಗಿಯಾಗದಂತೆ ಸುತ್ತಿದರೆ ಸಾಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 12.5 ಸೆಂಟಿಮೀಟರಿಗೆ ಇಳಿದರೆ ಎಚ್ಚರ, 11.5ಕ್ಕೆ ಇಳಿದರೆ ಅಪಾಯ. ನೀರು ತುಂಬುವುದು ಹೊಟ್ಟೆಗೆ, ಕಾಲಿಗೆ. ತೋಳು ಬಹುಮಟ್ಟಿಗೆ ಸುಳ್ಳು ಹೇಳದು. ಕಣ್ಣು ಹಳದಿಯಿರುವ ಮಗುವಿನ ತೂಕ ಸರಿಯಿದೆಯೆಂದು ಸುಮ್ಮನೆ ಕಳಿಸಿಕೊಡಬೇಡಿ, ತೋಳನ್ನು ಅಳೆದು ನೋಡಿ.

ಯಕೃತ್ತಿನ ಕಸಿಯ ಕಾಲದಲ್ಲಿ ಈ ಪೋಷಣೆಗೆ ಏನು ಬೆಲೆ ಎಂದು ಕೇಳುವವರಿಗೆ ಉತ್ತರ ಆ ಕಸಿಯ ನಿಯಮಗಳಲ್ಲಿಯೇ ಇದೆ. ಅಮೆರಿಕದಲ್ಲಿ ಯಾವ ಮಗುವಿನ ಸರದಿ ಮೊದಲೆಂದು ನಿರ್ಣಯಿಸಲು 2002ರಲ್ಲಿ ಜಾರಿಗೆ ಬಂದ ಅಂಕಪದ್ಧತಿಯಲ್ಲಿ ಕಾಮಾಲೆಯ ಹಳದಿ ದ್ರವ್ಯವಾದ ಬಿಲಿರುಬಿನ್, ರಕ್ತದ ಪ್ರೋಟೀನಾದ ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಕಾಲ, ವಯಸ್ಸು ಇವುಗಳೊಡನೆ ಬೆಳವಣಿಗೆ ಕುಂಠಿತವಾಗಿರುವುದನ್ನೂ ಎಣಿಸಲಾಯಿತು; ಸೊರಗಿದ ಮಗುವಿಗೆ ಮೃತ್ಯುವಿನ ಭಯ ಹೆಚ್ಚೆಂಬುದನ್ನು ಲೆಕ್ಕವೇ ತೋರಿಸಿಕೊಟ್ಟಿತ್ತು. ಪುಷ್ಟವಾಗಿ ಶಸ್ತ್ರಕ್ರಿಯೆಗೆ ಹೋದ ಕೂಸು ಸೋಂಕನ್ನು ತಾಳುತ್ತದೆ, ಗಾಯ ಬೇಗ ಮಾಯುತ್ತದೆ. 1998ರ ನವೆಂಬರಿನಲ್ಲಿ ದೆಹಲಿಯಲ್ಲಿ, ಪಿತ್ತನಾಳ ಮುಚ್ಚಿಹೋಗಿದ್ದ ಕಾಂಚೀಪುರದ ಇಪ್ಪತ್ತು ತಿಂಗಳ ಒಂದು ಗಂಡುಮಗುವಿಗೆ ಅದರ ತಂದೆಯ ಯಕೃತ್ತಿನ ಭಾಗವನ್ನು ಕಸಿ ಮಾಡಿದರು; ನಮ್ಮ ದೇಶದಲ್ಲಿ ಮಕ್ಕಳಿಗೆ ಮಾಡಿ ಸಫಲವಾದ ಮೊದಲನೆಯ ಕಸಿ ಅದು. ಆ ಹುಡುಗ ಬೆಳೆದು ತಾನೇ ವೈದ್ಯನಾಗಿದ್ದಾನೆ. ಹೊಸ ಯಕೃತ್ತು ಬಂದ ಮೇಲೆ ಉರಿಯೂತ ತಣ್ಣಗಾಗಿ, ಪಿತ್ತ ಇಳಿದು, ಅನೇಕ ಮಕ್ಕಳಿಗೆ ಹಸಿವು ಮರಳುತ್ತದೆ, ಬೆಳವಣಿಗೆ ಮತ್ತೆ ಮೇಲೇಳುತ್ತದೆ. ಆ ದಿನದವರೆಗೆ ಕೂಸನ್ನು ತಲಪಿಸುವ ಭಾರ ಅಡುಗೆಮನೆಯದು.

ಮನೆಯ ಹಿರಿಯ ಹೆಂಗಸರಲ್ಲಿ ನನ್ನದೊಂದು ಬಿನ್ನಹ. ಬಾಣಂತಿಯ ಕೋಣೆಯಲ್ಲಿ ತಮ್ಮ ಮಾತೇ ಶಾಸನವೆಂದು ನಾನು ಬಲ್ಲೆ. ಎರಡು ವಾರ ಕಳೆದರೂ ಕೂಸಿನ ಕಣ್ಣು ಹಳದಿಯಾಗಿಯೇ ಇದ್ದರೆ, ಅದರ ಮಲದ ಬಣ್ಣ ಮಾಸಿದ್ದರೆ, ಬಿಸಿಲನ್ನೂ ನೆಲನೆಲ್ಲಿಯ ರಸವನ್ನೂ ನೆಚ್ಚಿ ಕೂರಬೇಡಿ. ಅಂದೇ ಮಕ್ಕಳ ವೈದ್ಯರ ಬಳಿಗೆ ಕಳುಹಿಸಿ, ಮಲ ಹತ್ತಿದ ಬಟ್ಟೆಯನ್ನು ಒಗೆಯದೆ ಜೊತೆಯಲ್ಲಿ ಕಟ್ಟಿಕೊಡಿ, ಬಿಲಿರುಬಿನ್ನಿನ ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಅಳೆಯುವ ರಕ್ತಪರೀಕ್ಷೆ ಮಾಡಿಸಲು ಹೇಳಿ. ರೋಗ ಇದೇ ಎಂದು ಗೊತ್ತಾದ ಮನೆಯಲ್ಲಿ, ಸೊಸೆ ಮಗುವಿನ ಬಟ್ಟಲಿಗೆ ಎಣ್ಣೆ ಹೊಯ್ಯುವಾಗ ದಯಮಾಡಿ ಅವಳ ಕೈ ಹಿಡಿಯಬೇಡಿ.